ಕನ್ನಡದ ಬೆಳ್ಳಿತೆರೆಯೂ ಮುಂಬಯಿಯೂ: ಪರೇಲಿನಿಂದ ಒಂದು ಹಿನ್ನೋಟ

ಪರೇಲ್ ಎಂದೊಡನೆ ನಮ್ಮ ಹಿರಿಯರ ಕಣ್ಣಮುಂದೆ ಬರುತ್ತಿದ್ದುದು ಹತ್ತಿಯ ಗಿರಣಿಗಳು, ಆಕಾಶಕ್ಕೆ ಚಾಚಿದ ಚಿಮಣಿಗಳು, ನಸುಕಿನಲ್ಲಿ ಊರನ್ನೆಲ್ಲ ಎಬ್ಬಿಸುತ್ತಿದ್ದ ಭೋಂಗಾ, ಒಂದು ಕೋಣೆಯಲ್ಲಿ ಹತ್ತು ಜನ ಬಾಳುತ್ತಿದ್ದ ಚಾಳುಗಳು. 1982ರ ಮಹಾ ಮುಷ್ಕರದ ಬಳಿಕ ಆ ಗಿರಣಿಗಳು ಒಂದೊಂದಾಗಿ ಬಾಗಿಲು ಹಾಕಿದವು. ಅವು ನಿಂತಿದ್ದ ನೆಲದಲ್ಲಿ ಇಂದು ಗಾಜಿನ ಮಹಡಿಗಳು ಎದ್ದಿವೆ. ಆದರೆ ಗಿರಣಿಗಳು ಭರದಿಂದ ನಡೆಯುತ್ತಿದ್ದ ಕಾಲದಲ್ಲಿಯೇ ಪರೇಲಿನಲ್ಲಿ ಇನ್ನೊಂದು ಉದ್ಯಮವೂ ಬೆಳೆದಿತ್ತು. ಅದು ಚಲನಚಿತ್ರದ ಉದ್ಯಮ. ಆ ಉದ್ಯಮಕ್ಕೂ ಕನ್ನಡಕ್ಕೂ ಏನು ಸಂಬಂಧ, ಅದರಲ್ಲಿ ನಮ್ಮವರು ಮಾಡಿದ ಕೆಲಸವೇನು, ಆ ಕೆಲಸದ ಕುರಿತು ನಾವು ಆಡಿದ ಮಾತೆಷ್ಟು ಎಂಬುದನ್ನು ಈ ರಾಜ್ಯೋತ್ಸವದ ಸಂದರ್ಭದಲ್ಲಿ ಸ್ವಲ್ಪ ವಿಚಾರಿಸಿ ನೋಡುವುದು ಉಚಿತವೆಂದು ತೋರುತ್ತದೆ.

ಪರೇಲಿನ ಸ್ಟುಡಿಯೋ

ಸೂರತ್ತಿನಿಂದ ಬಂದು ಮುಂಬಯಿಯಲ್ಲಿ ಹಡಗು ಕಟ್ಟಿ ಹೆಸರಾದ ಲೌಜಿ ನಸರವಾನಜಿ ವಾಡಿಯಾ ಅವರ ವಂಶಸ್ಥರಿಗೆ ಪರೇಲಿನಲ್ಲಿ 'ಲೌಜಿ ಕ್ಯಾಸಲ್' ಎಂಬ ದೊಡ್ಡ ಮನೆಯಿತ್ತು. ಅದೇ ವಂಶದ ಜೆ. ಬಿ. ಎಚ್. ವಾಡಿಯಾ ಮತ್ತು ಹೋಮಿ ವಾಡಿಯಾ ಎಂಬ ಸೋದರರು 1933ರಲ್ಲಿ 'ವಾಡಿಯಾ ಮೂವಿಟೋನ್' ಎಂಬ ಸಂಸ್ಥೆಯನ್ನು ಕಟ್ಟಿ, ಆ ಮನೆಯ ಆವರಣದಲ್ಲಿಯೇ ಸ್ಟುಡಿಯೋ ನಡೆಸಿದರು. 1935ರಲ್ಲಿ ನಾಡಿಯಾ ಎಂಬ ನಟಿ ಚಾಟಿ ಹಿಡಿದು ಕುದುರೆಯೇರಿದ 'ಹಂಟರ್‌ವಾಲಿ' ಚಿತ್ರ ಈ ಸಂಸ್ಥೆಯದೇ. ಮುಂದೆ 1942ರಲ್ಲಿ ಪುಣೆಯ ಪ್ರಭಾತ್ ಕಂಪನಿಯಿಂದ ಹೊರಬಂದ ವಿ. ಶಾಂತಾರಾಮ್ ಅವರು ಈ ಸ್ಥಳವನ್ನು ಪಡೆದು, ತಂದೆ ರಾಜಾರಾಮ್ ಮತ್ತು ತಾಯಿ ಕಮಲಾ ಇವರ ಹೆಸರುಗಳನ್ನು ಜೋಡಿಸಿ 'ರಾಜಕಮಲ್ ಕಲಾಮಂದಿರ'ವನ್ನು ಸ್ಥಾಪಿಸಿದರು. 'ಶಕುಂತಲಾ' (1943), 'ಡಾ. ಕೊಟ್ನೀಸ್ ಕೀ ಅಮರ್ ಕಹಾನಿ' (1946), 'ಝನಕ್ ಝನಕ್ ಪಾಯಲ್ ಬಾಜೆ' (1955), 'ದೋ ಆಂಖೇಂ ಬಾರಹ್ ಹಾಥ್' (1957) ಇವೆಲ್ಲ ರಾಜಕಮಲ್ ಸಂಸ್ಥೆಯ ಕೃತಿಗಳು.

ಶಾಂತಾರಾಮರು ಕನ್ನಡಿಗರಲ್ಲ, ಕೊಲ್ಹಾಪುರದಲ್ಲಿ ಹುಟ್ಟಿದ ಮರಾಠಿಗರು. ಆದರೂ ಅವರಿಗೆ ಸಿನೆಮಾದ ಮೊದಲ ಪರಿಚಯವಾದುದು ಕನ್ನಡ ನಾಡಿನಲ್ಲಿ ಎಂಬುದನ್ನು ನಮ್ಮಲ್ಲಿ ಬಹಳ ಜನ ಅರಿಯರು. ಹದಿಹರೆಯದಲ್ಲಿ ಅವರು ಹುಬ್ಬಳ್ಳಿಯ ರೈಲ್ವೆ ಕಾರ್ಖಾನೆಯಲ್ಲಿ ಅಲ್ಪ ಸಂಬಳದ ಕೆಲಸಕ್ಕಿದ್ದರು; ಅದೇ ಊರಿನ ಒಂದು ಚಿತ್ರಮಂದಿರದಲ್ಲಿಯೂ ದುಡಿದರು. 1920ರ ಸುಮಾರಿಗೆ ಕೊಲ್ಹಾಪುರಕ್ಕೆ ಮರಳಿ ಬಾಬೂರಾವ್ ಪೇಂಟರ್ ಅವರ ಕಂಪನಿ ಸೇರುವ ಮುನ್ನ ಅವರು ತೆರೆಯ ಬೆಳಕನ್ನು ಕಂಡದ್ದು ಹುಬ್ಬಳ್ಳಿಯಲ್ಲಿ. ಹುಬ್ಬಳ್ಳಿಯಿಂದ ಪರೇಲಿಗೆ ಬಂದವರು ನಾವು ಮಾತ್ರವಲ್ಲ ಎಂದಾಯಿತು.

ಆಗಿನ ಹುಬ್ಬಳ್ಳಿ, ಧಾರವಾಡ, ಬೆಳಗಾವಿ, ವಿಜಾಪುರ, ಕಾರವಾರಗಳು ಮುಂಬಯಿ ಇಲಾಖೆಗೆ ಸೇರಿದ್ದವು. ನೌಕರಿ, ವ್ಯಾಪಾರ, ಕೋರ್ಟು-ಕಚೇರಿ ಎಲ್ಲಕ್ಕೂ ಅಲ್ಲಿನವರು ಮುಂಬಯಿಯತ್ತಲೇ ಮುಖಮಾಡುತ್ತಿದ್ದರು. ಕನ್ನಡನಾಡು ಮೈಸೂರು, ಮುಂಬಯಿ, ಹೈದರಾಬಾದು, ಮದರಾಸು, ಕೊಡಗು ಎಂದು ಹಂಚಿಹೋಗಿದ್ದ ಕಾಲ ಅದು. ಕನ್ನಡ ಚಿತ್ರೋದ್ಯಮವು ಹುಟ್ಟಿದುದು ಇಂಥ ಒಡೆದ ಮನೆಯಲ್ಲಿ.

ನೆರೆಮನೆಯಲ್ಲಿ ಹೆರಿಗೆ

1931ರ ಮಾರ್ಚ್ 14ರಂದು ಮುಂಬಯಿಯ ಗಿರಗಾಂವಿನ ಮೆಜೆಸ್ಟಿಕ್ ಚಿತ್ರಮಂದಿರದಲ್ಲಿ 'ಆಲಂ ಆರಾ' ತೆರೆಕಂಡಿತು. ಭಾರತದ ತೆರೆ ಮಾತನಾಡತೊಡಗಿತು. ಇದು ದೊಡ್ಡ ಭಾಷೆಗಳಿಗೆ ಹಬ್ಬವಾಯಿತು. ಚಿಕ್ಕ ಭಾಷೆಗಳಿಗೆ ಹಬ್ಬವೂ ಆಯಿತು, ಚಿಂತೆಯೂ ಆಯಿತು. ಮೂಕಚಿತ್ರಕ್ಕೆ ಗಡಿಯಿರಲಿಲ್ಲ. ಯೂರೋಪಿನ ಡೆನ್ಮಾರ್ಕ್ ಎಂಬ ಪುಟ್ಟ ದೇಶವನ್ನೇ ನೋಡಿರಿ. ಅಲ್ಲಿನ ನಾರ್ಡಿಸ್ಕ್ ಎಂಬ ಕಂಪನಿ 1906ರಲ್ಲಿ ಹುಟ್ಟಿ, ಮೊದಲ ಮಹಾಯುದ್ಧಕ್ಕೆ ಮುಂಚೆ ತನ್ನ ಚಿತ್ರಗಳನ್ನು ಅನೇಕ ದೇಶಗಳಿಗೆ ಮಾರುತ್ತಿತ್ತು. ಮಾತಿಲ್ಲದ ಚಿತ್ರಕ್ಕೆ ನಡುವೆ ಬರುವ ಬರಹದ ಪಟ್ಟಿಗಳನ್ನು ಬದಲಿಸಿದರೆ ಸಾಕಾಗಿತ್ತು. ಮಾತು ಬಂದ ಮೇಲೆ ಡೇನಿಷ್ ಚಿತ್ರವನ್ನು ಡೇನಿಷ್ ಬಲ್ಲವರೇ ನೋಡಬೇಕಾಯಿತು. ಭಾಷೆ ಚಿತ್ರಕ್ಕೆ ಪ್ರಾಣವನ್ನೂ ಕೊಟ್ಟಿತು, ಬೇಲಿಯನ್ನೂ ಕಟ್ಟಿತು. ಕನ್ನಡಕ್ಕೂ ಹಾಗೆಯೇ. ಮಾತು ಬಂದದ್ದರಿಂದಲೇ 'ಕನ್ನಡ ಚಿತ್ರ' ಎಂಬುದು ಸಾಧ್ಯವಾಯಿತು. ಆದರೆ ಅದನ್ನು ಕೊಂಡು ನೋಡುವ ಮಾರುಕಟ್ಟೆ ಐದು ಆಡಳಿತಗಳಲ್ಲಿ ಹರಿದುಹೋಗಿತ್ತು.

ಮೂಕಚಿತ್ರದ ಕೊನೆಗಾಲದಲ್ಲಿಯೇ ಮುಂಬಯಿಯ ಕಣ್ಣು ಕನ್ನಡದ ಪ್ರತಿಭೆಯ ಮೇಲೆ ಬಿದ್ದಿತ್ತು. ನಿರ್ದೇಶಕ ಮೋಹನ್ ಭವನಾನಿಯವರು ಮೈಸೂರು ಸೀಮೆಗೆ ಬಂದು, ಶೂದ್ರಕನ 'ಮೃಚ್ಛಕಟಿಕ'ವನ್ನು ಆಧರಿಸಿ 'ವಸಂತಸೇನಾ' ಎಂಬ ಮೂಕಚಿತ್ರವನ್ನು ತೆಗೆದರು. ಮಂಗಳೂರಿನ ಕಮಲಾದೇವಿ ಚಟ್ಟೋಪಾಧ್ಯಾಯ, ಏಣಾಕ್ಷಿ ರಾಮರಾವ್, ನಮ್ಮ ನಾಟಕಕಾರ ಟಿ. ಪಿ. ಕೈಲಾಸಂ ಅದರಲ್ಲಿ ಪಾತ್ರವಹಿಸಿದರು. ಆ ಚಿತ್ರ 1931ರಲ್ಲಿ ಹೊರಬಂದಿತು.

ಮೂರು ವರ್ಷಗಳ ಬಳಿಕ, 1934ರಲ್ಲಿ, ಎರಡು ಕನ್ನಡ ವಾಕ್ಚಿತ್ರಗಳು ಹೆಚ್ಚುಕಡಮೆ ಏಕಕಾಲಕ್ಕೆ ತಯಾರಾದವು. ಮೊದಲು ತೆರೆಕಂಡುದು 'ಸತಿ ಸುಲೋಚನಾ'. ಬೆಂಗಳೂರಿನಲ್ಲಿ ನೆಲೆಸಿದ್ದ ಮಾರವಾಡಿ ವರ್ತಕ ಚಮನ್‌ಲಾಲ್ ಡುಂಗಾಜಿ ಅವರು ಸೌತ್ ಇಂಡಿಯಾ ಮೂವಿಟೋನ್ ಸಂಸ್ಥೆಯ ಮೂಲಕ ಹಣ ಹೂಡಿದರು, ನಿರ್ದೇಶನ ವೈ. ವಿ. ರಾವ್ ಅವರದು, ಕಥೆ, ಸಂಭಾಷಣೆ, ಹಾಡುಗಳು ಬೆಳ್ಳಾವೆ ನರಹರಿಶಾಸ್ತ್ರಿಗಳವು, ಆರ್. ನಾಗೇಂದ್ರರಾವ್ ರಾವಣನಾದರು, ಎಂ. ವಿ. ಸುಬ್ಬಯ್ಯನಾಯ್ಡು ಇಂದ್ರಜಿತುವಾದರು, ತ್ರಿಪುರಾಂಬ ಸುಲೋಚನೆಯಾದರು. ಸುಮಾರು 40,000 ರೂಪಾಯಿಗಳ ವೆಚ್ಚದಲ್ಲಿ, ಎರಡು ತಿಂಗಳ ದುಡಿಮೆಯಲ್ಲಿ ಚಿತ್ರ ಮುಗಿಯಿತು. ಅದು ತಯಾರಾದುದು ಮಾತ್ರ ಬೆಂಗಳೂರಿನಲ್ಲೂ ಅಲ್ಲ, ಮೈಸೂರಿನಲ್ಲೂ ಅಲ್ಲ. ಕೊಲ್ಹಾಪುರದ ಛತ್ರಪತಿ ಸ್ಟುಡಿಯೋದಲ್ಲಿ. 1934ರ ಮಾರ್ಚ್ 3ರಂದು ಬೆಂಗಳೂರಿನ ಸಿಟಿ ಮಾರುಕಟ್ಟೆಯ ಬಳಿಯ ಪ್ಯಾರಾಮೌಂಟ್ ಚಿತ್ರಮಂದಿರದಲ್ಲಿ ಅದು ತೆರೆಕಂಡಿತು.

ಎರಡನೆಯದು 'ಭಕ್ತ ಧ್ರುವ'. ಇದರ ಚಿತ್ರೀಕರಣ 'ಸತಿ ಸುಲೋಚನಾ'ಕ್ಕೂ ಮೊದಲೇ ನಡೆಯಿತೆಂಬುದನ್ನು ಚಿತ್ರ ಇತಿಹಾಸಕಾರರು ಗುರುತಿಸಿದ್ದಾರೆ. ಎ. ವಿ. ವರದಾಚಾರ್ಯರ ರತ್ನಾವಳಿ ನಾಟಕ ಸಭೆ ಆಡುತ್ತಿದ್ದ ನಾಟಕವೇ ಅದರ ಮೂಲ. ಧ್ರುವನ ಪಾತ್ರ ಮಾಸ್ಟರ್ ಮುತ್ತು ಎಂಬ ಬಾಲಕನದು. ನಿರ್ದೇಶಕರು ಮರಾಠಿ ರಂಗಭೂಮಿಯ ಪಾರ್ಶ್ವನಾಥ ಆಳ್ತೇಕರ. ತಯಾರಾದುದು ಈ ನಮ್ಮ ಮುಂಬಯಿಯಲ್ಲಿ, ಅದೇ ಭವನಾನಿಯವರ ಅಜಂತಾ ಸ್ಟುಡಿಯೋದಲ್ಲಿ. ಎಂದರೆ, ಕನ್ನಡ ವಾಕ್ಚಿತ್ರದ ಮೊದಲ ಮಾತನ್ನು ಯಂತ್ರವು ಹಿಡಿದುಕೊಂಡ ಊರು ಮುಂಬಯಿ ಎಂದು ನಾವು ಹೇಳಿಕೊಳ್ಳಲು ಆಧಾರವಿದೆ.

ಅದೇ ವರ್ಷ ಅದೇ ಅಜಂತಾ ಸಂಸ್ಥೆಗಾಗಿ ಹಿಂದಿಯ ಕಾದಂಬರಿಕಾರ ಪ್ರೇಮಚಂದರು ಮುಂಬಯಿಗೆ ಬಂದು, ಗಿರಣಿ ಕೆಲಸಗಾರರ ಬಾಳಿನ ಕಥೆಯೊಂದನ್ನು ಬರೆದುಕೊಟ್ಟರು. ಭವನಾನಿಯವರು ಅದನ್ನು 'ಮಿಲ್' ಅಥವಾ 'ಮಜ್ದೂರ್' ಎಂಬ ಚಿತ್ರವಾಗಿ ತೆಗೆದರು. 1934 ಗಿರಣಿ ಮುಷ್ಕರದ ವರ್ಷ. ಪರೇಲು, ಲಾಲಬಾಗುಗಳ ಕೂಲಿಕಾರರನ್ನು ಈ ಚಿತ್ರ ಕೆರಳಿಸೀತೆಂದು ಮುಂಬಯಿಯಲ್ಲಿ ಅದರ ಪ್ರದರ್ಶನವನ್ನೇ ತಡೆಯಲಾಯಿತು. ಒಂದೇ ಸ್ಟುಡಿಯೋದಲ್ಲಿ ಒಂದೇ ವರ್ಷ ಕನ್ನಡದ ಧ್ರುವನೂ ಪರೇಲಿನ ಕೂಲಿಕಾರನೂ ರೂಪು ತಾಳಿದರು. ಮೊದಲನೆಯವನು ದೂರದ ಬೆಂಗಳೂರಿಗೆ ಹೋಗಿ ಪ್ರೇಕ್ಷಕರನ್ನು ಕಂಡ. ಎರಡನೆಯವನು ತನ್ನವರ ಮುಂದೆಯೇ ನಿಲ್ಲಲಾರದೆ ಹೋದ.

ನಮ್ಮಲ್ಲಿ ಚೊಚ್ಚಲ ಹೆರಿಗೆ ತವರಿನಲ್ಲಾಗುವುದು ವಾಡಿಕೆ. ಕನ್ನಡ ಚಿತ್ರದ ಚೊಚ್ಚಲ ಹೆರಿಗೆ ಮಾತ್ರ ನೆರೆಮನೆಯಲ್ಲಾಯಿತು. ಕಾರಣ ಸ್ಪಷ್ಟವಾಗಿದೆ. ಧ್ವನಿ ಮುದ್ರಿಸುವ ಯಂತ್ರ, ಅದನ್ನು ನಡೆಸಬಲ್ಲ ತಜ್ಞರು, ರಾಸಾಯನಿಕಗಳ ಪ್ರಯೋಗಶಾಲೆ, ಕಡೆಗೆ ಸಾಲ ಕೊಡುವ ಸಾಹುಕಾರ, ಎಲ್ಲವೂ ಕೂಡಿಬರುವ ಊರಿನಲ್ಲಿ ಮಾತ್ರ ವಾಕ್ಚಿತ್ರ ಸಾಧ್ಯ. ವರ್ಷಕ್ಕೆ ಒಂದೋ ಎರಡೋ ಚಿತ್ರ ತಯಾರಾಗುವ, ಕೆಲವು ವರ್ಷ ಒಂದೂ ಇಲ್ಲದ ಭಾಷೆಗೆ ಇಷ್ಟೆಲ್ಲ ಬಂಡವಾಳವನ್ನು ಯಾರು ಹೂಡಿಯಾರು? ಸ್ಟುಡಿಯೋ ಇಲ್ಲದ್ದರಿಂದ ಚಿತ್ರವಿಲ್ಲ, ಚಿತ್ರವಿಲ್ಲದ್ದರಿಂದ ಸ್ಟುಡಿಯೋ ಇಲ್ಲ ಎಂಬ ಸ್ಥಿತಿ. ಮುಂದೆ ಕೊಲ್ಹಾಪುರ, ಮುಂಬಯಿಗಳ ಸ್ಥಾನವನ್ನು ಮದರಾಸು ಹಿಡಿಯಿತು. ರಾಜಕುಮಾರ್ ಅವರು ನಾಯಕರಾದ ಮೊದಲ ಚಿತ್ರ 'ಬೇಡರ ಕಣ್ಣಪ್ಪ' (1954) ಕೂಡ ಅಲ್ಲಿಯದೇ ಕೂಸು. ಬೆಂಗಳೂರಿನಲ್ಲಿ ಕಂಠೀರವ ಸ್ಟುಡಿಯೋ ಆರಂಭವಾದುದು 1966ರಲ್ಲಿ. ರಾಜ್ಯದೊಳಗೆ ತಯಾರಾದ ಚಿತ್ರಗಳಿಗೆ ಸರಕಾರ ಸಹಾಯಧನ ಕೊಡಲಾರಂಭಿಸಿದುದೂ ಆ ದಶಕದಲ್ಲಿಯೇ. ಕೂಸಿಗೆ ಸ್ವಂತ ತೊಟ್ಟಿಲು ದೊರೆಯಲು ಮೂವತ್ತು ವರ್ಷಗಳು ಹಿಡಿದವು.

ಕಂಠ ನಮ್ಮದು, ಭಾಷೆ ಬೇರೆಯದು

ಕನ್ನಡ ಚಿತ್ರಕ್ಕೆ ಮನೆಯಿಲ್ಲದ ಈ ಮೂವತ್ತು ವರ್ಷಗಳಲ್ಲಿ ಕನ್ನಡದ ಪ್ರತಿಭೆ ಏನಾಯಿತು? ಅದು ಕೆಲಸವಿದ್ದಲ್ಲಿಗೆ ಹೋಯಿತು. ಹಿನ್ನೆಲೆ ಗಾಯನದ ಪದ್ಧತಿ ಬೇರೂರುವ ತನಕ ನಟನಟಿಯರೇ ಹಾಡಬೇಕಾಗಿತ್ತು. ಹಾಡಬಲ್ಲವರು ಉತ್ತರ ಕರ್ನಾಟಕದಲ್ಲಿ ಧಾರಾಳವಾಗಿದ್ದರು. ಅಲ್ಲಿ ಹಿಂದೂಸ್ತಾನಿ ಸಂಗೀತದ ಗುರುಗಳಿದ್ದರು. ಕನ್ನಡ ಕಂಪನಿಗಳ ಜೊತೆಗೆ ಮರಾಠಿ ನಾಟಕ ಕಂಪನಿಗಳೂ ಬಂದುಹೋಗುತ್ತಿದ್ದವು. ಎರಡು ಭಾಷೆ ಬಲ್ಲ ಕಲಾವಿದರು ಮನೆಮನೆಯಲ್ಲಿದ್ದರು.

ವಿಜಾಪುರ ಜಿಲ್ಲೆಯ ಬೀಳಗಿಯ ಅಮೀರಬಾಯಿ ಅವರು ಮುಂಬಯಿಗೆ ಬಂದು 'ಅಮೀರಬಾಯಿ ಕರ್ನಾಟಕಿ' ಎಂದು ನಾಡಿನ ಹೆಸರನ್ನೇ ತಮ್ಮ ಹೆಸರಿಗೆ ಅಂಟಿಸಿಕೊಂಡರು. ಅವರ ಸೋದರಿ ಗೋಹರಬಾಯಿ ಬಾಲಗಂಧರ್ವರ ರಂಗಭೂಮಿಯಲ್ಲಿ ಪ್ರಸಿದ್ಧರಾದರು. 1943ರ 'ಕಿಸ್ಮತ್' ಚಿತ್ರ ಕಲಕತ್ತೆಯ ರಾಕ್ಸಿ ಚಿತ್ರಮಂದಿರದಲ್ಲಿ ಮೂರು ವರ್ಷಕ್ಕೂ ಮೀರಿ ನಡೆಯಿತು. ಪರಕೀಯರನ್ನು ದೂರ ಸರಿಯಿರೆಂದು ಗುಡುಗಿದ ಅದರ ದೇಶಭಕ್ತಿಗೀತೆಯನ್ನು ದೇಶವೇ ಹಾಡಿತು. ಅದರಲ್ಲಿ ಮೊಳಗಿದ ಹೆಣ್ಣುದನಿ ಬೀಳಗಿಯದು. ಕರ್ನಾಟಕ ಎಂಬ ರಾಜ್ಯ ಭೂಪಟದಲ್ಲಿ ಇಲ್ಲದ ಕಾಲದಲ್ಲಿ ಗ್ರಾಮಾಫೋನ್ ತಟ್ಟೆಯ ಮೇಲೆ 'ಕರ್ನಾಟಕಿ' ಎಂಬ ಅಕ್ಷರಗಳು ಅಚ್ಚಾಗಿ ಊರೂರಿಗೆ ಹೋದವು. ಅವರು 1965ರಲ್ಲಿ ತೀರಿಕೊಂಡರು. ನಮ್ಮ ರಾಜ್ಯಕ್ಕೆ ಕರ್ನಾಟಕವೆಂದು ನಾಮಕರಣವಾದುದು 1973ರಲ್ಲಿ.

ಹುಬ್ಬಳ್ಳಿಯ ಬಳಿಯ ಅದರಗುಂಚಿಯ ಶಾಂತಾ ಹುಬಳೀಕರ ಅವರದೂ ಇಂಥದೇ ಕಥೆ. ಶಾಂತಾರಾಮರು ಪ್ರಭಾತ್ ಸಂಸ್ಥೆಗಾಗಿ 1939ರಲ್ಲಿ ತೆಗೆದ 'ಮಾಣೂಸ್' ಚಿತ್ರದಲ್ಲಿ ಮೈನಾ ಎಂಬ ಪತಿತೆಯ ಪಾತ್ರವಹಿಸಿ ಅವರು ಮನೆಮಾತಾದರು. ಗುಬ್ಬಿ ವೀರಣ್ಣನವರ 'ಜೀವನ ನಾಟಕ' (1942) ಎಂಬ ಕನ್ನಡ ಚಿತ್ರಕ್ಕೂ ಬಂದರು. ಆದರೆ ಕನ್ನಡ ಚಿತ್ರರಂಗಕ್ಕೆ ಅಂಥ ನಟಿಯನ್ನು ಹಿಡಿದಿಟ್ಟುಕೊಳ್ಳುವ ಶಕ್ತಿ ಆಗ ಇರಲಿಲ್ಲ. ಮುಪ್ಪಿನ ದಿನಗಳನ್ನು ಆಶ್ರಮದಲ್ಲಿ ಕಳೆದು ಅವರು 1992ರಲ್ಲಿ ನಿಧನರಾದರು. ತಮ್ಮ ಆತ್ಮಕಥೆಯನ್ನು ಅವರು ಹೇಳಿದುದು ಮರಾಠಿಯಲ್ಲಿ. ಅದಕ್ಕಾಗಿ ಅವರನ್ನು ದೂರುವ ಹಕ್ಕು ನಮಗಿಲ್ಲ. ಕೇಳುವ ಕಿವಿ ಎಲ್ಲಿತ್ತೋ ಅಲ್ಲಿ ಅವರು ಮಾತನಾಡಿದರು.

ಬಿಸಿಲನ್ನು ಒಳಗೆ ತಂದವರು

ಹಾಡುವವರ ಹೆಸರಾದರೂ ತಟ್ಟೆಯ ಮೇಲೆ ಇರುತ್ತದೆ. ಕ್ಯಾಮೆರಾದ ಹಿಂದೆ ನಿಂತವರನ್ನು ಕೇಳುವವರು ಕಡಮೆ. ಅಂಥವರಲ್ಲಿ ಅಗ್ರಗಣ್ಯರು ವಿ. ಕೆ. ಮೂರ್ತಿ. ಮೈಸೂರಿನಲ್ಲಿ 1923ರಲ್ಲಿ ಹುಟ್ಟಿದ ಇವರು ಪಿಟೀಲು ಬಲ್ಲವರು. ಸ್ವಾತಂತ್ರ್ಯ ಚಳವಳಿಯಲ್ಲಿ ಸೆರೆಮನೆ ಕಂಡವರು. ಬೆಂಗಳೂರಿನ ಶ್ರೀ ಜಯಚಾಮರಾಜೇಂದ್ರ ಪಾಲಿಟೆಕ್ನಿಕ್ಕಿನಲ್ಲಿ 1943ರಲ್ಲಿ ಛಾಯಾಗ್ರಹಣದ ಶಿಕ್ಷಣ ಆರಂಭವಾದಾಗ ಮೊದಲ ತಂಡದಲ್ಲಿ ಸೇರಿ, 1946ರಲ್ಲಿ ಡಿಪ್ಲೊಮಾ ಪಡೆದರು. ಪುಣೆಯ ಫಿಲ್ಮ್ ಇನ್ಸ್ಟಿಟ್ಯೂಟ್ ಹುಟ್ಟಿದುದು 1960ರಲ್ಲಿ. ಅದಕ್ಕೆ ಹದಿನೇಳು ವರ್ಷ ಮೊದಲೇ ಮೈಸೂರು ಸಂಸ್ಥಾನ ಈ ವಿದ್ಯೆಗೆ ಶಾಲೆ ತೆರೆದಿತ್ತು. ವಿಚಿತ್ರವೇನೆಂದರೆ, ವಿದ್ಯೆ ಕಲಿಸುವ ಶಾಲೆಯಿದ್ದ ಊರಿನಲ್ಲಿ ಕಲಿತ ವಿದ್ಯೆಗೆ ಕೆಲಸವಿರಲಿಲ್ಲ. ಮೂರ್ತಿಯವರು ಮುಂಬಯಿಯ ರೈಲು ಹತ್ತಿದರು.

ಇಲ್ಲಿ ಅವರು ಸಹಾಯಕರಾಗಿ ದುಡಿದರು. 1951ರ 'ಬಾಜಿ' ಚಿತ್ರದ ಕಾಲಕ್ಕೆ ಕನ್ನಡಿಯೊಂದನ್ನು ಬಳಸಿ ಕ್ಯಾಮೆರಾ ಚಲಿಸುವ ಕಠಿನವಾದ ಒಂದು ಚಿತ್ರಿಕೆಯನ್ನು ತಾವು ಹಿಡಿಯಬಲ್ಲೆವೆಂದು ಮುಂದೆ ಬಂದು ಹಿಡಿದು ತೋರಿಸಿದರು. ಆ ಚಿತ್ರದ ನಿರ್ದೇಶಕ ಗುರುದತ್ತರು ಅಂದೇ ಅವರನ್ನು ಗುರುತಿಸಿ, ಮುಂದಿನ 'ಜಾಲ್' (1952) ಚಿತ್ರಕ್ಕೆ ಛಾಯಾಗ್ರಾಹಕರನ್ನಾಗಿ ಮಾಡಿಕೊಂಡರು. 'ಪ್ಯಾಸಾ' (1957), 'ಕಾಗಜ್ ಕೆ ಫೂಲ್' (1959), 'ಸಾಹಿಬ್ ಬೀಬಿ ಔರ್ ಗುಲಾಮ್' (1962) ಇವುಗಳ ಬೆಳಕು ನೆರಳು ಮೂರ್ತಿಯವರ ಕೈಯದು. 'ಕಾಗಜ್ ಕೆ ಫೂಲ್' ಭಾರತದ ಮೊದಲ ಸಿನೆಮಾಸ್ಕೋಪ್ ಚಿತ್ರ. ಅದರಲ್ಲಿ ಬರಿದಾದ ಸ್ಟುಡಿಯೋದೊಳಗೆ ಮೇಲಿನಿಂದ ಬಿಸಿಲುಕೋಲೊಂದು ಇಳಿಯುತ್ತದೆ. ವಿದ್ಯುದ್ದೀಪದಿಂದ ಆ ಪರಿಣಾಮ ಬಾರದೆಂದು ಕಂಡ ಮೂರ್ತಿಯವರು, ದೊಡ್ಡ ಕನ್ನಡಿಯೊಂದರಿಂದ ಹೊರಗಿನ ಬಿಸಿಲನ್ನು ಹಿಡಿದು, ಇನ್ನೊಂದು ಕನ್ನಡಿಗೆ ಹಾಯಿಸಿ, ಅಲ್ಲಿಂದ ಒಳಗೆ ಇಳಿಸಿದರು. ಸಾವಿರ ವ್ಯಾಟಿನ ದೀಪ ಮಾಡಲಾರದ ಕೆಲಸವನ್ನು ಎರಡು ಕನ್ನಡಿ ಮಾಡಿದವು.

2008ನೆಯ ಸಾಲಿನ ದಾದಾಸಾಹೇಬ ಫಾಲ್ಕೆ ಪ್ರಶಸ್ತಿ ಮೂರ್ತಿಯವರಿಗೆ ಬಂದಿತು. ಆ ಗೌರವ ಪಡೆದ ಮೊದಲ ಛಾಯಾಗ್ರಾಹಕರು ಅವರೇ. ಇಂಥವರಿಗೆ ಕನ್ನಡದಲ್ಲಿ ದೊರೆತ ಕೆಲಸವೆಷ್ಟು? 'ಹೂವು ಹಣ್ಣು' (1993) ಎಂಬ ಒಂದು ಚಿತ್ರವನ್ನು ಹೆಸರಿಸಬಹುದು. ಬೆಂಗಳೂರಿಗೆ ಮರಳಿ, 2014ರಲ್ಲಿ ಅಲ್ಲಿಯೇ ಅವರು ತೀರಿಕೊಂಡರು.

ಹೆಮ್ಮೆ ಬೇರೆ, ಹಕ್ಕು ಬೇರೆ

ಇಲ್ಲಿ ಒಂದು ಮಾತನ್ನು ನೇರವಾಗಿ ಹೇಳಬೇಕು. ನಮ್ಮ ಸಭೆಗಳಲ್ಲಿ ಹೆಸರಾದವರನ್ನೆಲ್ಲ 'ನಮ್ಮವರು' ಎಂದು ಘೋಷಿಸಿ ಚಪ್ಪಾಳೆ ತಟ್ಟುವ ರೂಢಿಯಿದೆ. ಗುರುದತ್ತರು 1925ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದವರು, ಪಡುಕೋಣೆ ಮನೆತನದವರು, ನಿಜ. ಆದರೆ ಮನೆಮಾತು ಕೊಂಕಣಿ, ಬಾಲ್ಯ ಕಳೆದುದು ಕಲಕತ್ತೆಯಲ್ಲಿ, ಕೆಲಸ ಮಾಡಿದುದು ಹಿಂದಿಯಲ್ಲಿ. ಧಾರವಾಡದಲ್ಲಿ ಹುಟ್ಟಿದ ಲೀಲಾ ಚಿಟ್ನೀಸರು ಮರಾಠಿಗರು. ಇವರನ್ನು ಬಲವಂತವಾಗಿ ಕನ್ನಡದ ಖಾತೆಗೆ ಜಮಾ ಮಾಡುವುದರಿಂದ ಕನ್ನಡ ದೊಡ್ಡದಾಗದು. ಚಿಕ್ಕ ಉದ್ಯಮವೊಂದರ ಇತಿಹಾಸವನ್ನು ಬರೆಯುವಾಗ ಕೇಳಬೇಕಾದುದು, ಯಾರು ಯಾರ ಬಳಿ ದುಡಿದರು, ಯಾರು ಯಾರಿಗೆ ಕಲಿಸಿದರು ಎಂಬುದನ್ನು. ಕನ್ನಡ ಚಿತ್ರಕ್ಕೆ ಮಾರವಾಡಿಯ ಹಣವೂ ಆಂಧ್ರರ ನಿರ್ದೇಶನವೂ ಮರಾಠಿಗರ ಸ್ಟುಡಿಯೋವೂ ಒದಗಿಬಂದವು. ಹಿಂದಿ ಚಿತ್ರಕ್ಕೆ ಬೀಳಗಿಯ ಕಂಠವೂ ಮೈಸೂರಿನ ಕಣ್ಣೂ ಸಂದವು. ಇದು ಕೊಡುಕೊಳ್ಳುವ ಲೆಕ್ಕ. ಲೆಕ್ಕದ ಎರಡೂ ಬದಿಗಳನ್ನು ಬರೆದಾಗಲೇ ಅದು ಇತಿಹಾಸ.

1956ರ ನವೆಂಬರ್ 1ರಂದು ನಾಡು ಒಂದಾಯಿತು. ಆದರೆ ಚಿತ್ರ ಹಂಚಿಕೆದಾರರ ಭೂಪಟದಲ್ಲಿ ಅದು ಒಂದಾಗಲಿಲ್ಲ. ಹಿಂದಿ ಚಿತ್ರಗಳ ವ್ಯಾಪಾರದಲ್ಲಿ ಉತ್ತರ ಕರ್ನಾಟಕದ ಭಾಗಗಳು 'ಬಾಂಬೆ ಸರ್ಕ್ಯೂಟಿ'ಗೂ ಕಲಬುರ್ಗಿ, ಬೀದರ, ರಾಯಚೂರುಗಳು 'ನಿಜಾಮ್ ಸರ್ಕ್ಯೂಟಿ'ಗೂ ಸೇರಿಯೇ ಉಳಿದವು. ನಿಜಾಮರ ಆಳಿಕೆ ಹೋದರೂ ಅವರ ಹೆಸರು ಟಿಕೀಟಿನ ಲೆಕ್ಕದಲ್ಲಿ ಬಾಳುತ್ತಿದೆ. ರಾಜಕೀಯದ ಗಡಿಗಿಂತ ವ್ಯಾಪಾರದ ಗಡಿ ಗಟ್ಟಿ ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ.

ನಮ್ಮ ಪಾಲಿನ ಕೆಲಸ

ಈ ಕೆಲಸದ ಕುರಿತು ಕನ್ನಡದಲ್ಲಿ ಮಾತು ನಡೆದೇ ಇಲ್ಲವೆಂದಲ್ಲ. ಗುರುದತ್ತರ ತಾಯಿ ವಾಸಂತಿ ಪಡುಕೋಣೆಯವರು ಮಗನ ಬಾಳನ್ನು 'ನನ್ನ ಮಗ ಗುರುದತ್ತ' ಎಂದು ಬರೆದುದು ಕನ್ನಡದಲ್ಲಿ. ಮುಂಬಯಿಯಲ್ಲಿ ಬಹುಕಾಲ ಬಾಳಿದ ಲೇಖಕಿ ಉಮಾ ರಾವ್ ಅವರು ಮೂರ್ತಿಯವರ ಜೀವನವನ್ನು 'ಬಿಸಿಲು ಕೋಲು' ಎಂಬ ಪುಸ್ತಕದಲ್ಲಿ ಹಿಡಿದಿಟ್ಟರು. ರಹಮತ್ ತರೀಕೆರೆಯವರು ಅಮೀರಬಾಯಿಯ ಹೆಜ್ಜೆಗಳನ್ನು ಹುಡುಕಿ ಪುಸ್ತಕ ಬರೆದರು. ಈ ಮೂರು ಪುಸ್ತಕಗಳಿಗೆ ಕನ್ನಡಿಗರು ಋಣಿಗಳು.

ಆದರೆ ಇವು ಹೆಸರಾದವರ ಕಥೆಗಳು. ದೀಪದ ಬುಡದಲ್ಲಿ ಕತ್ತಲೆಯೆಂಬ ಗಾದೆ ಸ್ಟುಡಿಯೋಗಳಿಗೆ ಚೆನ್ನಾಗಿ ಒಪ್ಪುತ್ತದೆ. ದೀಪ ಹೊತ್ತವರು, ಸೆಟ್ಟಿಗೆ ಮೊಳೆ ಹೊಡೆದವರು, ಬಟ್ಟೆ ಹೊಲಿದವರು, ಕ್ಯಾಂಟೀನಿನಲ್ಲಿ ಚಹ ಕೊಟ್ಟವರು, ಗುಂಪಿನ ದೃಶ್ಯದಲ್ಲಿ ದಿನಗೂಲಿಗೆ ನಿಂತವರು ಇವರ ಹೆಸರುಗಳು ಆ ಕಾಲದ ಚಿತ್ರಗಳ ಮೊದಲ ಪಟ್ಟಿಯಲ್ಲಿ ಬರುತ್ತಿರಲಿಲ್ಲ. ಪಶ್ಚಿಮ ಭಾರತದ ಸಿನೆಮಾ ನೌಕರರ ಒಕ್ಕೂಟ ಹುಟ್ಟಿದುದು 1956ರಲ್ಲಿ, ನಮ್ಮ ನಾಡು ಒಂದಾದ ವರ್ಷವೇ. ಅದಕ್ಕೆ ಹಿಂದಿನ ಕೆಲಸಗಾರನಿಗೆ ಸದಸ್ಯನೆಂಬ ಚೀಟಿಯೂ ಇಲ್ಲ. ಪರೇಲು, ಲಾಲಬಾಗು, ದಾದರುಗಳಲ್ಲಿ ಸ್ಟುಡಿಯೋಗಳು ಗಿರಣಿಗಳ ಮಗ್ಗುಲಲ್ಲೇ ಇದ್ದವು. ಹಗಲು ದುಡಿದು ರಾತ್ರಿಶಾಲೆಯಲ್ಲಿ ಕನ್ನಡ ಓದಿದ ಹುಡುಗರೂ ಇದೇ ನಗರದವರು. ಅವರಲ್ಲಿ ಯಾರು ಸ್ಟುಡಿಯೋದ ಬಾಗಿಲು ದಾಟಿದರು ಎಂಬುದನ್ನು ಹೇಳಬಲ್ಲವರು ಅವರ ಮಕ್ಕಳು, ಮೊಮ್ಮಕ್ಕಳು. ಎಂದರೆ ಈ ಸಂಚಿಕೆಯನ್ನು ಓದುತ್ತಿರುವ ತಾವುಗಳೇ.

ಆದುದರಿಂದ ಸಂಘದ ಕುಟುಂಬಗಳಲ್ಲಿ ಒಂದು ಸಣ್ಣ ಬಿನ್ನಹ. ಮನೆಯಲ್ಲಿ ಅಜ್ಜನೋ ಅಜ್ಜಿಯೋ ದೊಡ್ಡಪ್ಪನೋ ಯಾವುದಾದರೂ ಸ್ಟುಡಿಯೋದಲ್ಲಿ, ಚಿತ್ರಮಂದಿರದಲ್ಲಿ, ಹಂಚಿಕೆದಾರರ ಕಚೇರಿಯಲ್ಲಿ ಕೆಲಸ ಮಾಡಿದ್ದರೆ, ಊರು ಯಾವುದು, ಮುಂಬಯಿಗೆ ಬಂದ ವರ್ಷ ಯಾವುದು, ಕೈಹಿಡಿದು ಕರೆದೊಯ್ದವರು ಯಾರು, ಮೊದಲ ಪಗಾರ ಎಷ್ಟು, ಕೆಲಸ ಬಿಟ್ಟುದು ಏಕೆ ಎಂಬ ಐದು ಸಂಗತಿಗಳನ್ನು ಕೇಳಿ ಬರೆದಿಡಿರಿ. ಹಳೆಯ ಗುರುತಿನ ಚೀಟಿ, ಭಾವಚಿತ್ರ, ಪಗಾರದ ರಸೀದಿ ಇದ್ದರೆ ಹಿಂಬದಿಯಲ್ಲಿ ಪೆನ್ಸಿಲಿನಿಂದ ಹೆಸರು ಮತ್ತು ವರ್ಷ ಗುರುತು ಮಾಡಿರಿ. ಮನೆ ಬದಲಿಸುವಾಗ ಹಳೆಯ ಟ್ರಂಕುಗಳು ರದ್ದಿಯವನ ಪಾಲಾಗುತ್ತವೆ. ಪರೇಲಿನ ಚಾಳುಗಳು ಬಿದ್ದು ಮಹಡಿಗಳು ಏಳುತ್ತಿರುವ ಈ ದಿನಗಳಲ್ಲಿ ಎಷ್ಟು ಟ್ರಂಕುಗಳು ಹೋದವೋ!

1934ರಲ್ಲಿ ಮುಂಬಯಿಯ ಸ್ಟುಡಿಯೋ ಒಂದರಲ್ಲಿ ಕನ್ನಡದ ಮಾತು ಮೊದಲ ಬಾರಿಗೆ ಫಿಲ್ಮಿನ ಅಂಚಿನ ಮೇಲೆ ಮೂಡಿತು. ಅಂದು ಆ ಮಾತನ್ನು ಹಿಡಿದಿಟ್ಟವರು ಬೇರೆ ಭಾಷೆಯವರು. ಇನ್ನುಳಿದ ಮಾತನ್ನು ಹಿಡಿದಿಡುವ ಹೊಣೆ ನಮ್ಮದು. ಅದಕ್ಕೆ ಸ್ಟುಡಿಯೋ ಬೇಡ, ಬಂಡವಾಳ ಬೇಡ. ಒಂದು ನೋಟುಪುಸ್ತಕ, ಹಿರಿಯರ ಬಳಿ ಕುಳಿತುಕೊಳ್ಳಲು ಒಂದು ಭಾನುವಾರದ ಸಂಜೆ ಸಾಕು. ಮುಂದಿನ ರಾಜ್ಯೋತ್ಸವದ ಸಂಚಿಕೆಯಲ್ಲಿ ಅಂಥ ಹತ್ತು ಹೆಸರುಗಳು ಅಚ್ಚಾದರೆ ಈ ಲೇಖನ ಸಾರ್ಥಕ. ಸಿರಿಗನ್ನಡಂ ಗೆಲ್ಗೆ.